ಹಳೆಯ ಲಾರಿ ಎಂಜಿನ್ನಿನಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟು, ಸ್ಟಡ್ಡು, ಪ್ಲಗ್ಗುಗಳನ್ನು ಬಿಚ್ಚುವ ಬಗೆ

ಗೋವಾದ ಉಸಗಾಂವ್, ಸಾವರ್ಡೆ, ಕುಡಚಡೆ, ಡಿಚೋಲಿಗಳ ಸುತ್ತ ಕಬ್ಬಿಣದ ಅದಿರು ಹೊರುತ್ತಿದ್ದ ಟಿಪ್ಪರ್‌ಗಳಲ್ಲಿ ಬಹಳಷ್ಟು 2012ರ ಸೆಪ್ಟೆಂಬರಿನಲ್ಲಿ ಗಣಿಗಾರಿಕೆ ಸ್ಥಗಿತಗೊಂಡಾಗ ಒಮ್ಮೆ, 2018ರ ಮಾರ್ಚಿನಲ್ಲಿ ಮತ್ತೊಮ್ಮೆ ನಿಂತಲ್ಲಿಯೇ ನಿಂತುಬಿಟ್ಟವು. ಕೆಲವು ಗುಜರಿಗೆ ಹೋದವು, ಕೆಲವು ಜಲ್ಲಿ-ಮಣ್ಣು ಸಾಗಿಸುವ ಕೆಲಸಕ್ಕೆ ತಿರುಗಿದವು, ಉಳಿದವು ಹಿತ್ತಲಲ್ಲೋ ರಸ್ತೆ ಬದಿಯ ಮಾವಿನ ಮರದ ಕೆಳಗೋ ಮಳೆಗಾಲದ ಮೇಲೆ ಮಳೆಗಾಲ ಕಳೆದವು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ, ಕಡಲಿನಿಂದ ಬರುವ ಉಪ್ಪಿನ ಗಾಳಿ, ಎಂಜಿನ್ನಿನ ಮೂಲೆಮೂಲೆಯಲ್ಲಿ ಸೇರಿಕೊಂಡು ತೇವವನ್ನು ಹಿಡಿದಿಡುವ ಅದಿರಿನ ಕೆಂಪು ಧೂಳು, ಈ ಮೂರೂ ಕೂಡಿದಲ್ಲಿ ಕಬ್ಬಿಣ ಉಳಿಯುವುದು ಕಷ್ಟ. ಗದಗ, ಬಾಗಲಕೋಟೆ, ಹಾವೇರಿ ಕಡೆಯಿಂದ ಬಂದು ಫೋಂಡಾ, ವಾಸ್ಕೋ ಕಡೆಗಳಲ್ಲಿ ಲಾರಿ ಕೆಲಸ ಮಾಡುತ್ತಿರುವ ನಮ್ಮ ಹುಡುಗರಿಗೆ ಇಂಥ ಎಂಜಿನ್ನುಗಳು ಆಗಾಗ ಎದುರಾಗುತ್ತವೆ. ಕೆಲಸ ಕೆಡುವುದು ಹೆಚ್ಚಾಗಿ ಮೊದಲ ಹತ್ತು ನಿಮಿಷಗಳಲ್ಲಿ; ಅವಸರಕ್ಕೆ ಪಾನಾ ಹಾಕಿ ಎಳೆದಾಗ ನಟ್ಟಿನ ಮೂಲೆ ಉರುಟಾಗುತ್ತದೆ, ಇಲ್ಲವೇ ಸ್ಟಡ್ಡು (ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ಡಿರುವ ಬೋಲ್ಟು) ತುಂಡಾಗಿ ಸಿಲಿಂಡರ್ ಹೆಡ್ಡಿನೊಳಗೆ ಉಳಿಯುತ್ತದೆ. ಆ ಹತ್ತು ನಿಮಿಷಗಳನ್ನು ಹೇಗೆ ಕಳೆಯಬೇಕು ಎಂಬುದನ್ನೇ ಇಲ್ಲಿ ಮುಖ್ಯವಾಗಿ ಬರೆಯುತ್ತಿದ್ದೇನೆ.

ಕಚ್ಚಿಕೊಳ್ಳುವುದು ಎಂದರೆ ಒಳಗೆ ಏನಾಗಿರುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಹಗುರವಾಗುತ್ತದೆ. ಕಬ್ಬಿಣ ತುಕ್ಕಾದಾಗ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ನಟ್ಟಿನ ಥ್ರೆಡ್ಡಿಗೂ ಸ್ಟಡ್ಡಿನ ಥ್ರೆಡ್ಡಿಗೂ ನಡುವೆ ಇರುವ ಕೂದಲೆಳೆಯಷ್ಟು ಸಂದಿಯಲ್ಲಿ ಈ ತುಕ್ಕು ಬೆಳೆದು, ಜಾಗ ಸಾಲದೆ ಎರಡೂ ಬದಿಗೆ ಒತ್ತುತ್ತದೆ. ಹೀಗಾಗಿ ನಟ್ಟನ್ನು ಹಿಡಿದಿರುವುದು ಯಾರೋ ಬಿಗಿ ಮಾಡಿದ ಬಿಗಿಯಲ್ಲ, ಸಂದಿಯಲ್ಲಿ ಬೆಳೆದ ತುಕ್ಕಿನ ಒತ್ತಡ. ಆ ತುಕ್ಕನ್ನು ಪುಡಿ ಮಾಡಿ, ಒದ್ದೆ ಮಾಡಿ, ಸ್ವಲ್ಪ ಜಾಗ ಮಾಡಿಕೊಟ್ಟ ಮೇಲೆಯೇ ಪಾನಾದ ಕೆಲಸ ಶುರುವಾಗಬೇಕು.

ಎಲ್ಲ ಕಡೆಯೂ ಇದೇ ಬಗೆಯ ಹಿಡಿತ ಇರುವುದಿಲ್ಲ. ಥರ್ಮೋಸ್ಟಾಟ್ ಹೌಸಿಂಗಿನಂಥ ಅಲ್ಯೂಮಿನಿಯಂ ಭಾಗದಲ್ಲಿ ಉಕ್ಕಿನ ಬೋಲ್ಟು ಕೂತಿದ್ದರೆ, ಉಪ್ಪಿನ ತೇವ ಸೇರಿದಾಗ ಎರಡು ಲೋಹಗಳ ನಡುವೆ ವಿದ್ಯುತ್-ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ತಾನು ಸವೆಯುತ್ತಾ ಬಿಳಿ ಪುಡಿಯಾಗುತ್ತದೆ. ಬೋಲ್ಟಿನ ಬುಡದಲ್ಲಿ ಸುಣ್ಣದಂಥ ಬಿಳಿ ಕಂಡರೆ ಇದೇ ಕಾರಣ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ, ಅಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಹೊರಗೆ ಒಯ್ಯುವ ಕೊಳವೆಯ, ನಟ್ಟುಗಳಲ್ಲಿ ತುಕ್ಕಿನ ಜೊತೆಗೆ ಸಾವಿರಾರು ಸಲ ಕಾದು ತಣಿದ ಆಯಾಸವೂ ಸೇರಿರುತ್ತದೆ, ಸ್ಟಡ್ಡು ಸವೆದು ಸೊಂಟ ತೆಳುವಾಗಿರುತ್ತದೆ. ಎಂಜಿನ್ ಬ್ಲಾಕಿನ ನೀರು ಇಳಿಸುವ ಕಾಕ್ (ಚಿಕ್ಕ ನಲ್ಲಿ) ಹಿತ್ತಾಳೆಯದ್ದಾದರೆ ಅದು ತಾನು ತುಕ್ಕು ಹಿಡಿಯದಿದ್ದರೂ ಸುತ್ತಲಿನ ಬೀಡು ಕಬ್ಬಿಣ ತುಕ್ಕಾಗಿ ಅದನ್ನು ಅಪ್ಪಿಕೊಂಡಿರುತ್ತದೆ. ಈ ಮೂರಕ್ಕೂ ಉಪಾಯ ಬೇರೆ ಬೇರೆ. ಹಾಗಾಗಿ ಯಾವ ಲೋಹ ಒಳಗಿದೆ, ಯಾವುದು ಹೊರಗಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಬಿಚ್ಚುವ ಮೊದಲು

ಹೊಸ ಸ್ಟಡ್ಡು, ನಟ್ಟು, ತಾಮ್ರದ ವಾಶರು, ಗ್ಯಾಸ್ಕೆಟ್ಟು ಕೈಗೆ ಸಿಗುವವರೆಗೆ ಹಳೆಯದನ್ನು ಮುಟ್ಟಬೇಡಿ. ಟಾಟಾದ 697ನಂಥ ಎಂಜಿನ್ನಿಗೆ, ಅಂದರೆ 97 ಮಿ.ಮೀ. ಬೋರಿನ ಆರು ಸಿಲಿಂಡರಿನ ಆ ಹಳೆಯ ಕುದುರೆಗೆ, ಬಿಡಿಭಾಗಗಳನ್ನು ಹುಡುಕಲು ಬೆಳಗಾವಿ, ಹುಬ್ಬಳ್ಳಿಗೂ ಹೇಳಿ ಕಳಿಸಬೇಕಾದೀತು. ಬಿಚ್ಚಿದ ಮೇಲೆ ಭಾಗಕ್ಕಾಗಿ ವಾರಗಟ್ಟಲೆ ಕಾಯುತ್ತಾ ತೆರೆದ ಎಂಜಿನ್ನಿಗೆ ಮಳೆಗಾಳಿ ತಾಕಿಸುವುದಕ್ಕಿಂತ, ಕಚ್ಚಿಕೊಂಡಿರುವುದನ್ನು ಕಚ್ಚಿಕೊಂಡ ಹಾಗೆಯೇ ಬಿಡುವುದು ಮೇಲು.

ಸುರಕ್ಷತೆಯ ಮಾತು ಚಿಕ್ಕದಾದರೂ ಬಿಡುವಂಥದ್ದಲ್ಲ. ಚಕ್ರಗಳಿಗೆ ಅಡ್ಡ ಕೊಡಿ. ಟಿಪ್ಪರಿನ ಬಾಡಿಯನ್ನು ಎತ್ತಿ ಕೆಲಸ ಮಾಡುವುದಾದರೆ ಹೈಡ್ರಾಲಿಕ್ ಜಾಕನ್ನು ಎಂದಿಗೂ ನಂಬದೆ, ಬಾಡಿಗೂ ಚಾಸಿಗೂ ನಡುವೆ ಕಬ್ಬಿಣದ ಊರುಗೋಲು ನಿಲ್ಲಿಸಿದ ಮೇಲೆಯೇ ಕೆಳಗೆ ಹೋಗಿ. ಹಳೆಯ ಸೀಲು ಒಡೆದು ಬಾಡಿ ಇಳಿದರೆ ಅದರಡಿ ಇದ್ದವರು ಉಳಿಯುವುದಿಲ್ಲ. ಎಂಜಿನ್ನು ಪೂರ್ತಿ ತಣಿದಿರಬೇಕು, ರೇಡಿಯೇಟರಿನ ಮುಚ್ಚಳ ತೆಗೆದಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು. ಸುತ್ತಿಗೆ ಏಟಿಗೆ ಸಿಡಿಯುವ ತುಕ್ಕಿನ ಚೂರು ಕಣ್ಣಿಗೆ ನೇರವಾಗಿ ಬರುತ್ತದೆ, ಅದರಲ್ಲೂ ಮಲಗಿಕೊಂಡು ಮೇಲೆ ನೋಡುತ್ತಾ ಕೆಲಸ ಮಾಡುವಾಗ. ಕನ್ನಡಕವಿಲ್ಲದೆ ಯಾರನ್ನೂ ಗಾಡಿ ಕೆಳಗೆ ಬಿಡಬಾರದು.

ಈಗ ಸ್ವಚ್ಛತೆ. ನಟ್ಟಿನ ಹೊರಗೆ ಚಾಚಿಕೊಂಡಿರುವ ಸ್ಟಡ್ಡಿನ ತುದಿಯನ್ನು ತಂತಿ ಬ್ರಷ್ಷಿನಿಂದ ಥ್ರೆಡ್ಡುಗಳು ಒಂದೊಂದಾಗಿ ಕಾಣುವವರೆಗೆ ಉಜ್ಜಬೇಕು. ಇದನ್ನು ಬಿಟ್ಟರೆ ಮುಂದೆ ನಟ್ಟು ಸಡಿಲಾದರೂ ಹೊರಗಿನ ತುಕ್ಕಿನ ಮೇಲೆ ಹತ್ತುವಾಗ ಮತ್ತೆ ಕಚ್ಚಿಕೊಂಡು, ಆಗ ಸ್ಟಡ್ಡನ್ನೇ ತಿರುಚಿ ಮುರಿಯುತ್ತದೆ. ನಟ್ಟಿನ ಬುಡದಲ್ಲಿ ಕೂತ ಎಣ್ಣೆ-ಧೂಳಿನ ಗಟ್ಟಿ ಪದರವನ್ನು ಸೂಜಿಯಂಥ ಮೊನೆಯಿಂದ ಕೆರೆದು ತೆಗೆಯಿರಿ. ಎಣ್ಣೆ ಒಳಗಿಳಿಯಬೇಕಾದ ದಾರಿ ಅದೇ. ಆಮೇಲೆ ಡೀಸೆಲ್ಲಿನಲ್ಲಿ ತೊಳೆದು ಒರೆಸಿ.

ಪಾನಾದ ಅಳತೆಯ ಬಗ್ಗೆ ಹುಷಾರಾಗಿರಿ. ತುಕ್ಕು ಹಿಡಿದ ನಟ್ಟು ತನ್ನ ಮೂಲ ಅಳತೆಯಲ್ಲಿ ಉಳಿದಿರುವುದಿಲ್ಲ. 17ರ ನಟ್ಟಿನ ಮೇಲೆ 17ರ ಪಾನಾ ಸಡಿಲವಾಗಿ ಆಡಿದರೆ ಆ ಆಟವೇ ಮೂಲೆಗಳನ್ನು ತಿನ್ನುತ್ತದೆ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ, ಹನ್ನೆರಡು ಮೂಲೆಯದ್ದು ತುಕ್ಕು ನಟ್ಟಿಗೆ ತಕ್ಕುದಲ್ಲ. ಆರು ಮೂಲೆಯದ್ದು ಕೂಡ ಆಡುತ್ತಿದ್ದರೆ ಒಂದು ಅಳತೆ ಚಿಕ್ಕದನ್ನು, ಬೇಕಾದರೆ ಇಂಚಿನ ಅಳತೆಯದ್ದನ್ನು, ಸುತ್ತಿಗೆಯಿಂದ ಬಡಿದು ಕೂರಿಸಿ. 13ರ ಸವೆದ ನಟ್ಟಿಗೆ ಅರ್ಧ ಇಂಚಿನ ಸಾಕೆಟ್ಟು, ಅಂದರೆ 12.7 ಮಿ.ಮೀ.ನದ್ದು, ಹೀಗೆ ಬಡಿದು ಕೂರಿಸಿದಾಗ ಚೆನ್ನಾಗಿ ಕಚ್ಚುತ್ತದೆ. ಬಡಿದ ಏಟು ನಟ್ಟಿನ ಒಳಗಿನ ತುಕ್ಕನ್ನೂ ಅಲುಗಿಸುತ್ತದೆ ಎಂಬುದು ಇದರ ಇನ್ನೊಂದು ಲಾಭ. ಬಾಯಿ ತೆರೆದ ಪಾನಾ ಎರಡೇ ಬದಿ ಹಿಡಿಯುತ್ತದೆ, ಅದನ್ನು ಬಿಗಿ ಸಡಿಲಾದ ಮೇಲೆ ಮಾತ್ರ ಬಳಸಿ. ಕೆಲವು ಹಳೆಯ ಲಾರಿಗಳ ಎಡಗಡೆಯ ಚಕ್ರದ ನಟ್ಟುಗಳಲ್ಲಿ ಎಡ ಥ್ರೆಡ್ಡು (ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು) ಇರುತ್ತದೆ, ಎಂಜಿನ್ನಿನ ಬಳಿಯೂ ತಿರುಗುವ ಭಾಗಗಳಲ್ಲಿ ಅಪರೂಪಕ್ಕೆ ಸಿಗುತ್ತದೆ. ಸ್ಟಡ್ಡಿನ ತುದಿಯ ಥ್ರೆಡ್ಡು ಯಾವ ಕಡೆ ಏರುತ್ತದೆ ಎಂದು ಕಣ್ಣಿನಿಂದ ನೋಡಿ ಖಚಿತ ಮಾಡಿಕೊಂಡ ಮೇಲೆ ಪಾನಾ ಹಾಕಿ.

ಎಣ್ಣೆ, ಏಟು, ಕಾಲ

ತುಕ್ಕು ಬಿಡಿಸುವ ಸ್ಪ್ರೇಗಳಲ್ಲಿ ಯಾವುದು ಒಳ್ಳೆಯದು ಎಂಬ ಚರ್ಚೆ ಗ್ಯಾರೇಜುಗಳಲ್ಲಿ ಮುಗಿಯುವುದಿಲ್ಲ. ಡಬ್ಲ್ಯೂಡಿ-40 ಎಲ್ಲೆಡೆ ಸಿಗುತ್ತದೆ. ತುಕ್ಕಿಗೆಂದೇ ಮಾಡಿದ ನುಸುಳೆಣ್ಣೆಗಳು ಅದಕ್ಕಿಂತ ಸ್ವಲ್ಪ ಮೇಲು. ಅಸಿಟೋನು ಮತ್ತು ಆಟೋಮ್ಯಾಟಿಕ್ ಗೇರಿನ ಎಣ್ಣೆಯನ್ನು ಸಮ ಸಮ ಬೆರೆಸಿ ಬಳಸುವವರೂ ಇದ್ದಾರೆ, ಆದರೆ ಆ ಎರಡು ಚೆನ್ನಾಗಿ ಬೆರೆಯದೆ ಬೇರೆಯಾಗುವುದರಿಂದ ಪ್ರತಿ ಸಲ ಕುಲುಕಬೇಕು, ಬೆಂಕಿಯ ಭಯ ಹೆಚ್ಚು, ಪೇಂಟನ್ನೂ ರಬ್ಬರನ್ನೂ ತಿನ್ನುತ್ತದೆ. ಏನೂ ಇಲ್ಲದಿದ್ದರೆ ಸೀಮೆಎಣ್ಣೆ ಅಥವಾ ಡೀಸೆಲ್ಲು ಕೂಡ ನಿಧಾನವಾಗಿ ಕೆಲಸ ಮಾಡುತ್ತದೆ. ನನ್ನ ಅಭಿಪ್ರಾಯದಲ್ಲಿ ಡಬ್ಬಿಯ ಹೆಸರಿಗಿಂತ ಕೊಟ್ಟ ಕಾಲ ದೊಡ್ಡದು. ಒಳ್ಳೆಯ ಎಣ್ಣೆ ಹಾಕಿ ಹದಿನೈದು ನಿಮಿಷಕ್ಕೆ ಎಳೆಯುವುದಕ್ಕಿಂತ, ಸಾಮಾನ್ಯ ಎಣ್ಣೆಯನ್ನು ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ, ಮತ್ತೆ ಸಂಜೆ ಒಮ್ಮೆ ಹಾಕಿ ಮರುದಿನ ಎಳೆದರೆ ಹೆಚ್ಚು ನಟ್ಟುಗಳು ಬಿಡುತ್ತವೆ.

ಎಣ್ಣೆ ಹಾಕುವುದೂ ಒಂದು ಕೆಲಸವೇ. ನಟ್ಟಿನ ಹೊರಮೈಗೆ ಸ್ಪ್ರೇ ಹೊಡೆದರೆ ಅದು ಕೆಳಗೆ ಹರಿದುಹೋಗುತ್ತದೆ ಅಷ್ಟೇ. ಸ್ಟಡ್ಡು ಮೇಲ್ಮುಖವಾಗಿದ್ದರೆ ಅದರ ತುದಿಯ ಸುತ್ತ ಎಣ್ಣೆ ನಿಲ್ಲುವಂತೆ ಹನಿಹನಿಯಾಗಿ ಬಿಡಿ. ಅಡ್ಡಲಾಗಿದ್ದರೆ ಕಾಟನ್ ವೇಸ್ಟಿನ ಎಳೆಯನ್ನು ಎಣ್ಣೆಯಲ್ಲಿ ಅದ್ದಿ ನಟ್ಟಿನ ಬುಡಕ್ಕೆ ಸುತ್ತಿ, ಅದು ಒಣಗದಂತೆ ಆಗಾಗ ತೋಯಿಸುತ್ತಿರಿ. ಪ್ಲಗ್ಗು ಅಥವಾ ಬೋಲ್ಟು ತಳ ಮುಚ್ಚಿದ ತೂತಿನಲ್ಲಿ ಕೂತಿದ್ದರೆ ಎಣ್ಣೆಗೆ ಒಂದೇ ಬಾಗಿಲು, ಅದೂ ತಲೆಯಡಿಯ ವಾಶರಿನಿಂದ ಮುಚ್ಚಿರುತ್ತದೆ; ಅಲ್ಲಿ ಎಣ್ಣೆಯನ್ನು ಹೆಚ್ಚು ನಂಬದೆ ಏಟು ಮತ್ತು ಬಿಸಿಯನ್ನು ನೆಚ್ಚಿಕೊಳ್ಳಬೇಕು.

ಏಟು ಎಂದರೆ ಸಿಟ್ಟಿನ ಏಟಲ್ಲ. ಎಣ್ಣೆ ಹಾಕಿ ಸ್ವಲ್ಪ ಹೊತ್ತಾದ ಮೇಲೆ ಸ್ಟಡ್ಡಿನ ತುದಿಗೆ ಹಿತ್ತಾಳೆಯ ತುಂಡೊಂದನ್ನು ಇಟ್ಟು ಮಧ್ಯಮ ಸುತ್ತಿಗೆಯಿಂದ ಚುರುಕಾದ ಚಿಕ್ಕ ಏಟುಗಳನ್ನು ಕೊಡಿ. ಹಿತ್ತಾಳೆ ಇಡುವುದು ಥ್ರೆಡ್ಡಿನ ತುದಿ ಚಪ್ಪಟೆಯಾಗದಿರಲೆಂದು. ಬಳಿಕ ನಟ್ಟಿನ ಒಂದು ಬದಿಗೆ ಭಾರದ ಸುತ್ತಿಗೆಯನ್ನು ಆನಿಸಿ ಹಿಡಿದು ಎದುರು ಬದಿಗೆ ಚಿಕ್ಕ ಸುತ್ತಿಗೆಯಿಂದ ಹೊಡೆಯಿರಿ. ಹೀಗೆ ಆರೂ ಬದಿ ಸುತ್ತಿ ಬನ್ನಿ. ಕಿವಿಗೊಟ್ಟು ಕೇಳಿದರೆ ಇಲ್ಲಿ ಒಂದು ವಿಷಯ ತಿಳಿಯುತ್ತದೆ. ಪೂರ್ತಿ ಕಚ್ಚಿಕೊಂಡ ನಟ್ಟಿಗೆ ಹೊಡೆದಾಗ ಬ್ಲಾಕೇ ದನಿ ಕೊಟ್ಟಂತೆ ಗಟ್ಟಿಯಾದ, ಚಿಕ್ಕ 'ಟಣ್' ಬರುತ್ತದೆ. ತುಕ್ಕು ಬಿರುಕು ಬಿಟ್ಟ ಮೇಲೆ ಅದೇ ಏಟಿಗೆ ಸ್ವಲ್ಪ ಮಂದವಾದ, ಒಡಕು ದನಿ ಬರುತ್ತದೆ. ಆ ದನಿ ಬದಲಾದ ಕೂಡಲೇ ಮತ್ತೆ ಎಣ್ಣೆ ಬಿಡಿ, ಈಗ ಅದಕ್ಕೆ ದಾರಿ ಇದೆ. ಬೀಡು ಕಬ್ಬಿಣದಲ್ಲಿ ಕಿವಿಯಂತೆ ಚಾಚಿದ ಭಾಗ, ಮ್ಯಾನಿಫೋಲ್ಡಿನ ಅಂಚು, ಅಲ್ಯೂಮಿನಿಯಂ ಹೌಸಿಂಗು ಇವುಗಳಿಗೆ ಏಟು ತಾಗಕೂಡದು, ಇವು ಬಗ್ಗದೆ ನೇರವಾಗಿ ಸೀಳುತ್ತವೆ.

ಈಗ ಪಾನಾ ಹಾಕಬಹುದು. ಮೊದಲ ಎಳೆತ ಬಿಚ್ಚುವ ಕಡೆಗಲ್ಲ, ಬಿಗಿ ಮಾಡುವ ಕಡೆಗಿರಲಿ, ಅದೂ ಕೂದಲಷ್ಟು. ಬಿಗಿ ಮಾಡುವ ಕಡೆಯ ಥ್ರೆಡ್ಡಿನ ಮುಖದಲ್ಲಿ ತುಕ್ಕಿಗೆ ಪೆಟ್ಟು ಬಿದ್ದರೆ ಬಿಚ್ಚುವ ಕಡೆಗೆ ತಿರುಗಿಸುವಾಗ ಅದು ಪುಡಿಯಾಗಿ ಹೊರಬರುತ್ತದೆ. ಬಳಿಕ ಬಿಚ್ಚುವ ಕಡೆಗೆ ಜಗ್ಗದೆ, ಏಕಪ್ರಕಾರವಾಗಿ ಒತ್ತಡ ಹೆಚ್ಚಿಸುತ್ತಾ ಹೋಗಿ. ಇಲ್ಲಿ ಕೈ ಕಲಿಯಬೇಕಾದದ್ದು ಒಂದೇ: ತಿರುಗುವುದಕ್ಕೂ ತಿರುಚುವುದಕ್ಕೂ ಇರುವ ಭೇದ. ನಟ್ಟು ಬಿಡುವಾಗ 'ಕಿರ್ರ್' ಎಂದು ಸದ್ದು ಮಾಡಿ, ಪಾನಾ ಒಂದಿಷ್ಟು ಜರುಗಿ ಅಲ್ಲೇ ನಿಲ್ಲುತ್ತದೆ, ಕೈ ಸಡಿಲಿಸಿದರೂ ಹಿಂದಕ್ಕೆ ಬರುವುದಿಲ್ಲ. ಸ್ಟಡ್ಡು ತಿರುಚುವಾಗ ಸದ್ದಿಲ್ಲದೆ ಮೆತ್ತಗೆ ಜರುಗುತ್ತದೆ, ಕೈ ಸಡಿಲಿಸಿದರೆ ಸ್ಪ್ರಿಂಗಿನ ಹಾಗೆ ಸ್ವಲ್ಪ ವಾಪಸು ಬರುತ್ತದೆ. ಹಾಗೆ ಮೆತ್ತಗಾದ ಅನುಭವ ಬಂದ ಕ್ಷಣ ನಿಲ್ಲಿಸಿ. ಇನ್ನೊಂದು ಕಾಲು ಸುತ್ತು ತಿರುಗಿಸಿದರೆ ಅದು ತುಂಡಾಗುತ್ತದೆ.

ಇಂಥ ಹೊತ್ತಿನಲ್ಲೇ ಪಕ್ಕದಲ್ಲಿ ನಿಂತ ಹುಡುಗ, "ಯಣ್ಣಾ, ಪೈಪ್ ಹಾಕಿ ಎಳೀಲ್ಯಾ?" ಎಂದು ಕೇಳುತ್ತಾನೆ. "ತಡಿ ತಮ್ಮಾ, ಎಣ್ಣಿ ಇನ್ನಾ ಒಳಗ ಇಳೀಬೇಕು" ಎನ್ನುವುದೇ ಸರಿಯಾದ ಉತ್ತರ, ಅದಕ್ಕೆ ಲೆಕ್ಕವೂ ಇದೆ. 8.8 ಗಟ್ಟಿತನದ ದರ್ಜೆಯ 10 ಮಿ.ಮೀ. ಬೋಲ್ಟನ್ನು ಸಾಮಾನ್ಯವಾಗಿ ಬಿಗಿ ಮಾಡುವುದು 45-50 ನ್ಯೂಟನ್ ಮೀಟರ್ ಟಾರ್ಕಿಗೆ, ಅಂದರೆ ತಿರುಗಿಸುವ ಬಲಕ್ಕೆ. ಒಂದು ಮೀಟರ್ ಉದ್ದದ ಪೈಪಿನ ತುದಿಯಲ್ಲಿ ಬರೀ 20 ಕಿಲೋ ಭಾರದಷ್ಟು ಒತ್ತಿದರೂ ಸುಮಾರು 200 ನ್ಯೂಟನ್ ಮೀಟರ್ ಆಗುತ್ತದೆ, ಅಂದರೆ ನಾಲ್ಕು ಪಟ್ಟು. ಆ ಬೋಲ್ಟು ತುಕ್ಕಿನಿಂದ ತೆಳುವಾಗಿಯೂ ಇದೆ. ಪೈಪು ಹಾಕಿದಾಗ ಕೈಗೆ ಏನೂ ತಿಳಿಯುವುದಿಲ್ಲ, ತಿಳಿಯುವ ಮೊದಲೇ ತುಂಡಾಗಿರುತ್ತದೆ. ಚಕ್ರದ ನಟ್ಟು, ಸ್ಪ್ರಿಂಗಿನ ಯು-ಬೋಲ್ಟುಗಳಂಥ ದಪ್ಪ ಭಾಗಗಳಿಗೆ ಪೈಪು ಸರಿ. ಎಂಜಿನ್ನಿನ ಮೇಲಿನ 8, 10 ಮಿ.ಮೀ. ಸ್ಟಡ್ಡುಗಳಿಗೆ ಅಲ್ಲ. ಏರ್ ಗನ್ ಇದ್ದರೆ ಅದನ್ನು ಅತಿ ಕಡಿಮೆ ಒತ್ತಡದಲ್ಲಿಟ್ಟು ಎರಡೂ ಕಡೆಗೆ ಬದಲಾಯಿಸುತ್ತಾ ಬಳಸಬಹುದು, ಆಗ ಅದು ಪಾನಾಕ್ಕಿಂತ ಹೆಚ್ಚಾಗಿ ಸುತ್ತಿಗೆಯ ಕೆಲಸ ಮಾಡುತ್ತದೆ.

ನಟ್ಟು ಒಮ್ಮೆ ಜರುಗಿತೆಂದರೆ ಖುಷಿಯಿಂದ ಪೂರ್ತಿ ಬಿಚ್ಚಲು ಹೋಗಬೇಡಿ. ಕಾಲು ಸುತ್ತು ಬಿಚ್ಚಿ, ಅದರ ಅರ್ಧ ಮತ್ತೆ ಬಿಗಿ ಮಾಡಿ, ಎಣ್ಣೆ ಬಿಡಿ. ಮತ್ತೆ ಕಾಲು ಸುತ್ತು. ಥ್ರೆಡ್ಡಿನ ನಡುವಿನಿಂದ ಮೊದಲು ಕೆಂಪು ಪುಡಿ, ಆಮೇಲೆ ಕಾಫಿ ಬಣ್ಣದ ಕೆಸರು, ಕೊನೆಗೆ ಕಪ್ಪನೆಯ ಎಣ್ಣೆ ಬರುತ್ತದೆ. ಆ ಕೆಸರನ್ನು ಒರೆಸುತ್ತಲೇ ಇರಿ. ಬಿಗಿ ಹೆಚ್ಚುತ್ತಾ ಹೋದರೆ ತುಕ್ಕಿನ ಪುಡಿ ನಟ್ಟಿನೊಳಗೆ ಗುಡ್ಡೆಯಾಗುತ್ತಿದೆ ಎಂದರ್ಥ, ಹಿಂದಕ್ಕೆ ಹೋಗಿ ಅದನ್ನು ಬಿಡಿಸಿ ಮುಂದಕ್ಕೆ ಬನ್ನಿ.

ಬಿಸಿ

ಎಣ್ಣೆಗೂ ಏಟಿಗೂ ಬಗ್ಗದ್ದು ಬಿಸಿಗೆ ಬಗ್ಗುತ್ತದೆ, ಆದರೆ ಎಂಜಿನ್ನಿನ ಹತ್ತಿರ ಬೆಂಕಿ ಹಿಡಿಯುವವನಿಗೆ ಅಳತೆ ಗೊತ್ತಿರಬೇಕು. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. 12 ಮಿ.ಮೀ. ತೂತಿನ ನಟ್ಟು 300 ಡಿಗ್ರಿ ಹೆಚ್ಚು ಕಾದರೆ ತೂತು ಸುಮಾರು 0.04 ಮಿ.ಮೀ. ದೊಡ್ಡದಾಗುತ್ತದೆ. ಕೇಳಲು ಚಿಕ್ಕದು, ಆದರೆ ಗಾಜಿನಂತೆ ಗಡುಸಾದ ತುಕ್ಕಿನ ಪದರವನ್ನು ಒಡೆಯಲು ಅಷ್ಟು ಸಾಕು. ಈ ಲಾಭ ಸಿಗುವುದು ಹೊರಗಿನ ನಟ್ಟು ಬಿಸಿಯಾಗಿ ಒಳಗಿನ ಸ್ಟಡ್ಡು ತಂಪಾಗಿರುವಾಗ ಮಾತ್ರ. ಆದ್ದರಿಂದ ಉರಿಯನ್ನು ನಟ್ಟಿನ ಬದಿಗಳಿಗೆ ಬೇಗ ಬೇಗ ತಿರುಗಿಸಿ ಕೊಟ್ಟು, ನಟ್ಟು ಮಂಕಾದ ಕೆಂಪಿಗೆ ಬಂದ ಕೂಡಲೇ ತೆಗೆದು, ಆಗಲೇ ಪಾನಾ ಹಾಕಬೇಕು. ತಡಮಾಡಿದರೆ ಬಿಸಿ ಸ್ಟಡ್ಡಿಗೂ ಇಳಿದು ಎರಡೂ ಒಟ್ಟಿಗೆ ಹಿಗ್ಗುತ್ತವೆ.

ಇನ್ನೊಂದು ರೀತಿಯೂ ಇದೆ, ನಾನು ಹೆಚ್ಚು ನೆಚ್ಚುವುದು ಅದನ್ನೇ. ನಟ್ಟನ್ನು ಕೆಂಪಾಗಿಸದೆ ಚೆನ್ನಾಗಿ ಕಾಯಿಸಿ, ಉರಿ ತೆಗೆದು, ಮೇಣದ ಬತ್ತಿಯನ್ನು ಥ್ರೆಡ್ಡಿನ ಬುಡಕ್ಕೆ ಒತ್ತಿ ಹಿಡಿಯಿರಿ. ಮೇಣ ಕರಗಿ ಸಂದಿಯೊಳಗೆ ತಾನೇ ಎಳೆದುಕೊಂಡು ಹೋಗುತ್ತದೆ, ತಣಿಯುತ್ತಿರುವಾಗ ನಟ್ಟನ್ನು ಹಿಂದೆ ಮುಂದೆ ಆಡಿಸಿದರೆ ಬಿಡುತ್ತದೆ. ಒಂದು ಸಲಕ್ಕೆ ಬಿಡದಿದ್ದರೆ ಕಾಯಿಸುವುದು, ತಣಿಸುವುದು ಎರಡು ಮೂರು ಸಲ ಆಗಲಿ. ಬರಿಯ ಹಿಗ್ಗು-ಕುಗ್ಗುಗಳೇ ತುಕ್ಕನ್ನು ಬಿರುಕುಗೊಳಿಸುತ್ತವೆ. ಕಾದ ಬೀಡಿನ ಮೇಲೆ ನೀರು ಮಾತ್ರ ಸುರಿಯಬಾರದು, ಹೆಡ್ಡು ಅಥವಾ ಮ್ಯಾನಿಫೋಲ್ಡು ಸೀಳುತ್ತದೆ.

ಅಲ್ಯೂಮಿನಿಯಂ ವಿಷಯದಲ್ಲಿ ಕಣ್ಣನ್ನು ನಂಬಬೇಡಿ. ಅದು 660 ಡಿಗ್ರಿಗೆ ಕರಗುತ್ತದೆ, ಎಂಜಿನ್ ಭಾಗಗಳ ಮಿಶ್ರಲೋಹಗಳು ಅದಕ್ಕೂ ಮೊದಲೇ. ಉಕ್ಕಿನ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ಇದ್ದಕ್ಕಿದ್ದಂತೆ ಕುಸಿಯುತ್ತದೆ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಹೌಸಿಂಗನ್ನು ಹೀಟ್ ಗನ್ನಿನಿಂದಲೋ ಕುದಿನೀರಿನಲ್ಲಿ ತೋಯಿಸಿದ ಬಟ್ಟೆಯಿಂದಲೋ ಕಾಯಿಸಿದರೂ ಉಕ್ಕಿನ ಬೋಲ್ಟಿಗೆ ಜಾಗ ಸಿಗುತ್ತದೆ. ಹಿತ್ತಾಳೆಯ ಕಾಕ್ ಬೀಡಿನ ಬ್ಲಾಕಿನಲ್ಲಿ ಕೂತಿದ್ದರೆ ಲೆಕ್ಕ ತಿರುವುಮುರುವು: ಹಿತ್ತಾಳೆ ಬೀಡಿಗಿಂತ ಹೆಚ್ಚು ಹಿಗ್ಗುವುದರಿಂದ ಕಾಕನ್ನೇ ಕಾಯಿಸಿದರೆ ಇನ್ನೂ ಬಿಗಿಯಾಗುತ್ತದೆ. ಸುತ್ತಲಿನ ಬೀಡನ್ನು ಮಾತ್ರ ಕಾಯಿಸಿ, ಕಾಕಿನ ಮೇಲೆ ಮಂಜುಗಡ್ಡೆ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಹಿಡಿಯಿರಿ.

ಡೀಸೆಲ್ ಪೈಪು, ಫಿಲ್ಟರು, ಪಂಪು, ಬ್ರೇಕಿನ ಗಾಳಿ ಪೈಪು, ರಬ್ಬರ್ ಹೋಸು, ಎಣ್ಣೆ ಸೀಲು ಇರುವ ಕಡೆ ಉರಿ ಬೇಡವೇ ಬೇಡ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೂ ಉರಿಯನ್ನಾಗಲಿ ವೆಲ್ಡಿಂಗನ್ನಾಗಲಿ ತರಬೇಡಿ. ಅವುಗಳಲ್ಲಿ ಕ್ಲೋರಿನ್ ಇರುವ ಬಗೆಯವು ಬೆಂಕಿಗೆ ಸಿಕ್ಕಾಗ ಫಾಸ್ಜೀನ್ ಎಂಬ ಪ್ರಾಣ ತೆಗೆಯುವ ಅನಿಲವಾಗುತ್ತವೆ. ನುಸುಳೆಣ್ಣೆ ಹಾಕಿದ ನಟ್ಟು ಕೂಡ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಚೆನ್ನಾಗಿ ಒರೆಸಿ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟುಕುವಲ್ಲಿ ಇಟ್ಟುಕೊಂಡು ಶುರುಮಾಡಿ. ಕೆಂಪಾಗುವವರೆಗೆ ಕಾಯಿಸಿದ ನಟ್ಟು, ಬೋಲ್ಟು ತನ್ನ ಗಡಸುತನ ಕಳೆದುಕೊಂಡಿರುತ್ತದೆ, ಅದನ್ನು ಮತ್ತೆ ಬಳಸಕೂಡದು.

ಮೂರು ಜಾಗಗಳು

ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನಟ್ಟುಗಳನ್ನು ನಡುವಿನಿಂದ ಶುರುಮಾಡದೆ ಎರಡೂ ತುದಿಗಳಿಂದ ನಡುವಿಗೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಬನ್ನಿ. ಮೂಲೆ ಪೂರ್ತಿ ಉರುಟಾದ ನಟ್ಟಿಗೆ ಮತ್ತೆ ಮತ್ತೆ ಪಾನಾ ಹಾಕುವುದು ವ್ಯರ್ಥ; ಚಾಣದಿಂದ ಅಥವಾ ನಟ್ಟು ಸೀಳುವ ಸಾಧನದಿಂದ ಅದನ್ನು ಉದ್ದಕ್ಕೆ ಸೀಳಿ ತೆಗೆದುಬಿಡಿ. ನಟ್ಟು ಹತ್ತಿಪ್ಪತ್ತು ರೂಪಾಯಿಯ ವಸ್ತು, ಸ್ಟಡ್ಡು ಮುರಿದರೆ ಒಂದು ದಿನದ ಕೆಲಸ.

ನೀರಿನ ಡ್ರೇನ್ ಕಾಕಿನಲ್ಲಿ ಎಲ್ಲರೂ ಎಡವುವುದು ಅದರ ಚಾವಿಯನ್ನು ಹಿಡಿದು ತಿರುಗಿಸುವುದರಲ್ಲಿ. ಚಾವಿ ಇರುವುದು ನೀರು ಬಿಡಲು, ಕಾಕ್ ಬಿಚ್ಚಲು ಅಲ್ಲ. ಅದು ಮುರಿದು ಕೈಗೆ ಬರುತ್ತದೆ. ಕಾಕಿನ ಬುಡದ ಆರು ಮೂಲೆಗೆ ರಿಂಗ್ ಪಾನಾ ಹಾಕಿ. ಹಳೆಯ ಟಿಪ್ಪರ್‌ಗಳಲ್ಲಿ ಕೂಲೆಂಟಿನ ಬದಲು ಬರೀ ಬಾವಿ ನೀರು ಓಡಿಸಿರುವುದು ಸಾಮಾನ್ಯ, ಹೀಗಾಗಿ ಕಾಕ್ ಹೊರಬಂದರೂ ನೀರು ಬಾರದೆ, ತೂತಿನ ಬಾಯಿಯಲ್ಲಿ ಕೆಂಗಂದು ಬಣ್ಣದ ಗಟ್ಟಿ ರಾಡಿ ಕೂತಿರುವುದು ಕಾಣುತ್ತದೆ. ತಂತಿಯಿಂದ ತಿವಿದು ಅದನ್ನು ಒಡೆದ ಮೇಲೆ ಒಮ್ಮೆಲೇ ನೀರು ನುಗ್ಗುತ್ತದೆ, ಮುಖ ಪಕ್ಕಕ್ಕಿರಲಿ. ಕೂಲೆಂಟು ಇದ್ದರೆ ಅದನ್ನು ಬಾಣಲೆಯಲ್ಲಿ ಹಿಡಿದು ಮುಚ್ಚಿಡಿ. ಅದರಲ್ಲಿನ ಗ್ಲೈಕಾಲ್ ಸಿಹಿಯಾಗಿರುವುದರಿಂದ ಬೀದಿ ನಾಯಿಗಳು ನೆಕ್ಕಿ ಸಾಯುತ್ತವೆ. ಮತ್ತೆ ಹಾಕುವಾಗ ಇಳಿಜಾರು ಥ್ರೆಡ್ಡಿನ ಕಾಕನ್ನು ಅತಿಯಾಗಿ ಬಿಗಿದರೆ ಅದು ಬೆಣೆಯಾಗಿ ಬ್ಲಾಕನ್ನೇ ಸೀಳಬಲ್ಲದು. ಥ್ರೆಡ್ ಸೀಲಂಟ್ ಹಚ್ಚಿ ಸಾಧಾರಣ ಬಿಗಿಗೆ ನಿಲ್ಲಿಸಿ.

ಡೀಸೆಲ್ ಪೈಪಿನ ತುದಿಯನ್ನು ಜೋಡಿಸುವ ಯೂನಿಯನ್ ನಟ್ಟುಗಳಲ್ಲಿ ಪೈಪೇ ನಟ್ಟಿನ ಜೊತೆ ತಿರುಗಿ ತಿರುಚಿಹೋಗುವುದು ಮುಖ್ಯ ಅಪಾಯ. ಹಳೆಯ ರಿಂಗ್ ಪಾನಾದ ಒಂದು ಬದಿಯನ್ನು ಪೈಪು ತೂರುವಷ್ಟೇ ಕತ್ತರಿಸಿ ಮಾಡಿಕೊಂಡ ಪಾನಾ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ನಟ್ಟಿನ ಹಿಂಬದಿಯಲ್ಲಿ, ಪೈಪು ಅದರೊಳಗೆ ಹೋಗುವ ಜಾಗಕ್ಕೂ ಎಣ್ಣೆ ಬಿಡಿ, ಏಕೆಂದರೆ ಥ್ರೆಡ್ಡಿಗಿಂತ ಹೆಚ್ಚಾಗಿ ನಟ್ಟು ಪೈಪಿಗೇ ಕಚ್ಚಿಕೊಂಡಿರುತ್ತದೆ. ಪಂಪಿನ ಕಡೆಯ ಹೋಲ್ಡರನ್ನು (ನಟ್ಟು ಕೂರುವ ಭಾಗವನ್ನು) ಎರಡನೆಯ ಪಾನಾದಿಂದ ಹಿಡಿದೇ ಬಿಚ್ಚಬೇಕು. ಬಿಚ್ಚಿದ ತುದಿಗಳಿಗೆಲ್ಲ ಆ ಕೂಡಲೇ ಶುಭ್ರ ಪ್ಲಾಸ್ಟಿಕ್ ಟೋಪಿ ಹಾಕಿ. ತುಕ್ಕಿನ ಒಂದು ಕಣ ನಾಝಲ್ಲಿಗೆ ಹೋದರೂ ಇಂಜೆಕ್ಟರು ಕೆಟ್ಟುಹೋಗುತ್ತದೆ.

ಮುರಿದುಬಿಟ್ಟರೆ

ಸ್ಟಡ್ಡು ಮುರಿದು ತುದಿ ಹೊರಗೆ ಚಾಚಿಕೊಂಡಿದ್ದರೆ ಅದರ ಮೇಲೆ ಹೊಸ ನಟ್ಟೊಂದನ್ನು ಇಟ್ಟು, ನಟ್ಟಿನ ತೂತಿನೊಳಗಿನಿಂದ ವೆಲ್ಡ್ ಮಾಡಿಸುವುದು ಬೇರೆಲ್ಲಕ್ಕಿಂತ ಒಳ್ಳೆಯ ಉಪಾಯ. ವೆಲ್ಡಿಂಗಿನ ಬಿಸಿಯೇ ಅರ್ಧ ಕೆಲಸ ಮಾಡಿರುತ್ತದೆ. ಕೆಂಪು ಇಳಿದ ಮೇಲೆ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಬ್ಯಾಟರಿಯ ಜೊತೆಗೆ ಆಲ್ಟರ್ನೇಟರಿನ ತಂತಿಯನ್ನೂ ಬಿಚ್ಚಿ, ಅರ್ತಿಂಗ್ ಕ್ಲಾಂಪನ್ನು ಸ್ಟಡ್ಡಿನ ಹತ್ತಿರವೇ ಹಾಕಿಸಿ, ಇಲ್ಲದಿದ್ದರೆ ಕರೆಂಟು ಬೇರಿಂಗುಗಳ ಮೂಲಕ ದಾರಿ ಹುಡುಕುತ್ತದೆ.

ತುದಿ ಹೊರಗುಳಿಯದೆ ಮೈಮಟ್ಟಕ್ಕೆ ಮುರಿದಿದ್ದರೆ ಕೊರೆಯಬೇಕಾಗುತ್ತದೆ, ಅದಕ್ಕೆ ನಡುಬಿಂದುವೇ ಪ್ರಾಣ. ಮುಖವನ್ನು ಅರದಿಂದ ಮಟ್ಟ ಮಾಡಿ, ಪಂಚಿನಿಂದ ಗುರುತು ಹಾಕಿ, 3 ಮಿ.ಮೀ. ಡ್ರಿಲ್ಲಿನಿಂದ ಶುರುಮಾಡಿ ಹಂತ ಹಂತವಾಗಿ ದೊಡ್ಡದು ಮಾಡಿ. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕಿದರೆ ಎಷ್ಟೋ ಸಲ ಕೊರೆಯುವಾಗಲೇ ತುಂಡು ತಾನೇ ಹೊರಬರುತ್ತದೆ. ಎಕ್ಸ್‌ಟ್ರಾಕ್ಟರ್ (ಕೊರೆದ ತೂತಿಗೆ ಕಚ್ಚಿಸಿ ತುಂಡನ್ನು ತಿರುಗಿಸಿ ತೆಗೆಯುವ ಸಾಧನ) ಬಳಸುವವರು ಒಂದು ಮಾತು ನೆನಪಿಡಿ: ಅದು ಬಹಳ ಗಡುಸು, ಹಾಗಾಗಿ ಬಹಳ ಪೆಡಸು. ಅದು ಒಳಗೆ ಮುರಿದರೆ ಸಾಧಾರಣ ಡ್ರಿಲ್ಲಿಗೆ ಅದು ಜಗ್ಗುವುದಿಲ್ಲ, ಹೆಡ್ಡನ್ನು ಲೇಥ್ ವರ್ಕ್‌ಶಾಪಿಗೆ ಹೊತ್ತೊಯ್ಯಬೇಕು. ಬಿಸಿ ಮಾಡಿಯೂ ಕದಲದ ತುಂಡಿಗೆ ಎಕ್ಸ್‌ಟ್ರಾಕ್ಟರ್ ಹಾಕಬೇಡಿ; ಪೂರ್ತಿ ಕೊರೆದು ಥ್ರೆಡ್ಡು ಮತ್ತೆ ಹಾಕಿಸಿ. 10 ಮಿ.ಮೀ.ನ 1.5 ಪಿಚ್ಚಿನ (ಎಳೆಯಿಂದ ಎಳೆಗೆ 1.5 ಮಿ.ಮೀ. ದೂರದ) ಥ್ರೆಡ್ಡಿಗೆ 8.5ರ ಡ್ರಿಲ್ಲು, 8 ಮಿ.ಮೀ.ನ 1.25 ಪಿಚ್ಚಿಗೆ 6.8ರದ್ದು. ಥ್ರೆಡ್ಡೇ ಹಾಳಾಗಿದ್ದರೆ ಹೆಲಿಕಾಯಿಲ್ (ತೂತಿನೊಳಗೆ ಕೂರಿಸುವ, ಹೊಸ ಥ್ರೆಡ್ಡಾಗುವ ತಂತಿಯ ಸುರುಳಿ) ಹಾಕಿಸಬಹುದು, ಸರಿಯಾಗಿ ಕೂರಿಸಿದರೆ ಅದು ಮೂಲದಷ್ಟೇ ಗಟ್ಟಿ.

ಮತ್ತೆ ಜೋಡಿಸುವಾಗ

ತೂತಿನ ಥ್ರೆಡ್ಡುಗಳಿಗೆ ಟ್ಯಾಪನ್ನು (ಥ್ರೆಡ್ಡು ಕೊರೆಯುವ ಉಪಕರಣವನ್ನು) ಕೈಯಿಂದ ಹಗುರವಾಗಿ ಓಡಿಸಿ ತುಕ್ಕು ತೆಗೆದು ಗಾಳಿ ಹೊಡೆಯಿರಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ಉಳಿದಿದ್ದರೆ ಬೋಲ್ಟು ಇಳಿಯುವಾಗ ಅದು ಹೋಗಲು ದಾರಿಯಿಲ್ಲದೆ ಬೀಡನ್ನು ಸೀಳುತ್ತದೆ, ಆದ್ದರಿಂದ ಕಾಟನ್ನಿನಿಂದ ಹೀರಿಸಿ ತೆಗೆಯಿರಿ. ಮ್ಯಾನಿಫೋಲ್ಡಿನ ಸ್ಟಡ್ಡುಗಳಿಗೆ ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ತಾಮ್ರದ ಆಂಟಿಸೀಜ್ ಪೇಸ್ಟನ್ನು ತೆಳ್ಳಗೆ ಹಚ್ಚಿ, ಸಿಕ್ಕಿದರೆ ಹಿತ್ತಾಳೆಯ ನಟ್ಟುಗಳನ್ನೇ ಹಾಕಿ. ಪೇಸ್ಟು ಹಚ್ಚಿದ ಥ್ರೆಡ್ಡು ಜಾರುವುದರಿಂದ ಒಣ ಥ್ರೆಡ್ಡಿಗೆ ಹೇಳಿದ ಟಾರ್ಕಿಗಿಂತ ಸಾಮಾನ್ಯವಾಗಿ ಐದನೇ ಒಂದು ಭಾಗ ಕಡಿಮೆಗೆ ನಿಲ್ಲಿಸಬೇಕು. ಹೆಡ್ ಬೋಲ್ಟುಗಳಿಗೆ ಈ ಪೇಸ್ಟು ಬೇಡ, ಅಲ್ಲಿ ಎಂಜಿನ್ ತಯಾರಕರು ಹೇಳಿದ ಎಣ್ಣೆ, ಹೇಳಿದ ಟಾರ್ಕು ಮಾತ್ರ.

ಎಂಜಿನ್ನು ಶುರುಮಾಡಿ ಚೆನ್ನಾಗಿ ಕಾಯಲು ಬಿಟ್ಟು, ಪೂರ್ತಿ ತಣಿದ ಮೇಲೆ ಮ್ಯಾನಿಫೋಲ್ಡಿನ ನಟ್ಟುಗಳಿಗೆ ನಡುವಿನಿಂದ ತುದಿಗಳ ಕಡೆಗೆ ಮತ್ತೊಮ್ಮೆ ಟಾರ್ಕ್ ಪಾನಾ ಹಾಕಿ, ಡ್ರೇನ್ ಕಾಕಿನ ಬುಡವನ್ನೂ ಡೀಸೆಲ್ ಯೂನಿಯನ್ನುಗಳನ್ನೂ ಒಣ ಬಟ್ಟೆಯಿಂದ ಒರೆಸಿ ಸೋರಿಕೆ ಇದೆಯೇ ನೋಡಿ. ಗಾಡಿ ಮತ್ತೆ ನಿಲ್ಲುವಂತಿದ್ದರೆ ಜೂನ್ ಬರುವ ಮುಂಚೆ ಕಾಣುವ ಥ್ರೆಡ್ಡುಗಳಿಗೆಲ್ಲ ಗ್ರೀಸು ಸವರಿ, ಮಳೆಗಾಲದುದ್ದಕ್ಕೂ ತಿಂಗಳಿಗೊಮ್ಮೆಯಾದರೂ ಕಾಕಿನ ಚಾವಿಯನ್ನು ಒಂದೆರಡು ಸಲ ತಿರುಗಿಸಿ ಬಿಡಿ.